ಬೇಟೆಯ ಹಕ್ಕಿಯನ್ನು ಅಡಿಗೆಗೆ ಅಣಿಮಾಡುವ ಬಗೆ

ಸಾಕಿದ ಕೋಳಿಯನ್ನು ಚೆನ್ನಾಗಿ ಬೇಯಿಸಬಲ್ಲವರು ಕಾಡಿನ ಹಕ್ಕಿಯನ್ನೂ ಚೆನ್ನಾಗಿ ಬೇಯಿಸಬಲ್ಲರೆಂದು ಜನ ಸಾಮಾನ್ಯವಾಗಿ ಭಾವಿಸುವುದುಂಟು. ಎರಡಕ್ಕೂ ರೆಕ್ಕೆ ಎರಡು, ಕಾಲು ಎರಡು, ಮೈತುಂಬ ಗರಿ. ಒಲೆಯೂ ಅದೇ, ಪಾತ್ರೆಯೂ ಅದೇ. ಹೀಗಿರಲು ಭೇದವೆಲ್ಲಿಂದ ಬರಬೇಕು? ಆದರೆ ಕೋಳಿಯ ಲೆಕ್ಕವನ್ನೇ ಹಿಡಿದು ಬೇಯಿಸಿದ ಕಾಡುಹಕ್ಕಿಯ ಎದೆ ಹತ್ತಿಯಂತೆ ಒಣಗಿ, ಕಾಲು ತೊಗಲಿನಂತೆ ಹಲ್ಲಿಗೆ ಬಗ್ಗದೆ ಇರುವುದನ್ನು ಕಂಡಾಗ ಉಣ್ಣುವವರು ಮಸಾಲೆಯನ್ನೋ ಅಡಿಗೆಯವರನ್ನೋ ದೂರುತ್ತಾರೆ. ದೋಷ ಇವೆರಡರಲ್ಲಿಯೂ ಇಲ್ಲ. ಹಕ್ಕಿ ಒಲೆಗೇರುವುದಕ್ಕೆ ಮುಂಚೆ ಕೇಳಬೇಕಾಗಿದ್ದ ಎರಡು ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಈ ಹಕ್ಕಿಗೆ ವಯಸ್ಸೆಷ್ಟು? ಇದು ಎಂತಹ ಬಾಳನ್ನು ಬಾಳಿತು? ಸಾಕಣೆಯ ಕೋಳಿಯ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಸಾಕಿದವನೇ ಮೊದಲು ಉತ್ತರ ಕೊಟ್ಟುಬಿಟ್ಟಿರುತ್ತಾನೆ. ಅಂಗಡಿಯ ಕೋಳಿಗಳೆಲ್ಲ ಸುಮಾರಾಗಿ ಐದಾರು ವಾರದವು. ನಡೆದದ್ದು ಕಡಿಮೆ, ಹಾರಿದ್ದು ಇಲ್ಲವೇ ಇಲ್ಲ. ಕಾಡಿನ ಹಕ್ಕಿಗೆ ಹಾಗೆ ಜಾಮೀನು ನಿಲ್ಲುವವರು ಯಾರೂ ಇಲ್ಲ. ಅದರ ಮೈಯನ್ನೇ ಓದಿ ತಿಳಿಯಬೇಕು.

ಮುಂದುವರಿಯುವುದಕ್ಕೆ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯಕ. ನಮ್ಮ ದೇಶದಲ್ಲಿ ಕಾಡುಹಕ್ಕಿಯ ಬೇಟೆ ಇಂದು ಅಪರಾಧ. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆಂದು ಒಂದು ಕಾನೂನು ಬಂದಿತ್ತು. ಅದು ಬೇಟೆಯನ್ನು ನಿಯಮಕ್ಕೆ ಒಳಪಡಿಸಿತೇ ಹೊರತು ನಿಲ್ಲಿಸಲಿಲ್ಲ. ನಿಲ್ಲಿಸಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿ. ಕಾಡುಕೋಳಿ, ಗೌಜಲಕ್ಕಿ, ಕಾಡಿನ ಲಾವುಗೆ, ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬಂದಿಳಿಯುವ ಬಾತು, ಇವುಗಳಲ್ಲಿ ಯಾವುದನ್ನೂ ಕೊಲ್ಲುವಂತಿಲ್ಲ, ಮಾರುವಂತೆಯೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಬೇಟೆಯನ್ನೂ ಡೇಗೆಯ ವಿನೋದವನ್ನೂ ರಾಜಭೋಜನವನ್ನೂ ಒಂದೇ ಗ್ರಂಥದೊಳಗೆ ವರ್ಣಿಸಿದ ಕಾಲ ಹನ್ನೆರಡನೆಯ ಶತಮಾನ. ಆಗ ಕಾಡೂ ಹೆಚ್ಚು, ಹಕ್ಕಿಯೂ ಹೆಚ್ಚು. ಆ ಕಾಲ ಕಳೆಯಿತು. ಕಳೆದದ್ದಕ್ಕೆ ನಾನು ವ್ಯಥೆಪಡುವವನಲ್ಲ.

ಆದುದರಿಂದ ಇಲ್ಲಿ ಹೇಳುವ ಕ್ರಮ ಮುಖ್ಯವಾಗಿ ಬ್ರಿಟನ್ನಿನದು. ಅಲ್ಲಿ ಗೊತ್ತಾದ ಋತುಗಳಲ್ಲಿ ಈ ಬೇಟೆಗೆ ಕಾನೂನಿನ ಅನುಮತಿಯುಂಟು. ಗ್ರೌಸ್ ಎಂಬ ಬೆಟ್ಟಗಾಡಿನ ಹಕ್ಕಿಗೆ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ. ನಮ್ಮ ಗೌಜಲಕ್ಕಿಯ ಬಂಧುವಾದ ಪಾರ್ಟ್ರಿಜ್‌ಗೆ ಸೆಪ್ಟೆಂಬರ್ 1ರಿಂದ, ಫೆಸೆಂಟಿಗೆ ಅಕ್ಟೋಬರ್ 1ರಿಂದ, ಎರಡಕ್ಕೂ ಫೆಬ್ರವರಿ 1ರವರೆಗೆ. ಈ ಫೆಸೆಂಟ್ ಎಂಬುದು ನಮ್ಮ ನವಿಲು, ಕಾಡುಕೋಳಿಗಳ ಕುಲಕ್ಕೇ ಸೇರಿದ್ದು. ಕಪ್ಪುಸಮುದ್ರದ ಪೂರ್ವತೀರದ ಫಾಸಿಸ್ ನದಿಯಿಂದ ಅದಕ್ಕೆ ಹೆಸರು ಬಂತು. ಇಂಗ್ಲೆಂಡಿಗೆ ಅದು ಹೊರಗಿನಿಂದ ಬಂದ ಹಕ್ಕಿ. ಇಂದಿಗೂ ವರ್ಷ ವರ್ಷವೂ ಕೋಟಿಗಟ್ಟಲೆ ಮರಿಗಳನ್ನು ಸಾಕಿ ಕಾಡಿಗೆ ಬಿಡುತ್ತಾರೆ. ಅಲ್ಲಿ ನೆಲಸಿರುವ ನಮ್ಮವರಿಗೆ ಚಳಿಗಾಲದಲ್ಲಿ ಮಾಂಸದಂಗಡಿಯ ಮುಂದೆ ಹುಂಜವೊಂದು ಹೆಣ್ಣೊಂದು ಜೊತೆಗಟ್ಟಿ ತೂಗುವ ನೋಟ ಪರಿಚಿತವಾದದ್ದೇ. ನೆರೆಯವರು ಪ್ರೀತಿಯಿಂದ ಒಂದು ಜೊತೆಯನ್ನು ಗರಿಸಮೇತ ತಂದುಕೊಟ್ಟರೆ ಏನು ಮಾಡಬೇಕೆಂದು ತೋಚದೆ ಕಂಗೆಡುವುದೂ ಅಸಹಜವಲ್ಲ. ನಮ್ಮ ನಾಡಿನ ಮನೆಗಳಲ್ಲಿಯೂ ಈ ತಿಳಿವಳಿಕೆಗೆ ಒಂದು ಉಪಯೋಗ ಉಂಟು. ಸಾಕಣೆಯ ಲಾವುಗೆಯ ಮಾತು ಬಂದಾಗ ಅದನ್ನು ಹೇಳುವೆನು.

ಮೊದಲನೆಯದು ವಯಸ್ಸು. ನಮ್ಮ ಸಂತೆಗಳಲ್ಲಿ ನಾಟಿಕೋಳಿಯನ್ನು ಕೊಳ್ಳುವ ಹೆಂಗಸರು ಇದು ಹ್ಯಾಟೆಯೋ ಮುದಿಕೋಳಿಯೋ ಎಂದು ಕಾಲನ್ನೂ ಎದೆಯೆಲುಬಿನ ತುದಿಯನ್ನೂ ಹಿಸುಕಿ ನೋಡುವರು. ಎಳೆಯ ಹಕ್ಕಿಯಲ್ಲಿ ಆ ಎಲುಬಿನ ಹಿಂತುದಿ ಇನ್ನೂ ಮೃದುವಾಗಿದ್ದು ಬೆರಳಿಗೆ ಬಗ್ಗುತ್ತದೆ, ಮುದಿಯದರಲ್ಲಿ ಕಲ್ಲಾಗಿರುತ್ತದೆ. ಈ ಪರೀಕ್ಷೆ ಬೇಟೆಯ ಹಕ್ಕಿಗೂ ಸಲ್ಲುತ್ತದೆ. ಫೆಸೆಂಟ್ ಹುಂಜದ ಕಾಲಿನ ಹಿಂಬದಿಯ ಮುಳ್ಳು ಆ ವರ್ಷ ಹುಟ್ಟಿದ ಹಕ್ಕಿಯಲ್ಲಿ ಗಿಡ್ಡವಾಗಿ ಮೊಂಡಾಗಿರುತ್ತದೆ. ಹಳೆಯದರಲ್ಲಿ ಉದ್ದವಾಗಿ ಚೂಪಾಗಿರುತ್ತದೆ. ಗ್ರೌಸ್ ಮತ್ತು ಪಾರ್ಟ್ರಿಜ್‌ಗಳಲ್ಲಿ ರೆಕ್ಕೆಯನ್ನು ಬಿಡಿಸಿ ಹೊರಗಡೆಯ ಎರಡು ದೊಡ್ಡ ಗರಿಗಳನ್ನು ನೋಡತಕ್ಕದ್ದು: ತುದಿ ಚೂಪಾಗಿದ್ದರೆ ಎಳೆಯದು, ದುಂಡಾಗಿದ್ದರೆ ವರ್ಷ ದಾಟಿದ್ದು. ಮರಿ ಹಕ್ಕಿ ತನ್ನ ಮೊದಲ ಗರಿಗಳನ್ನೆಲ್ಲ ಉದುರಿಸಿದರೂ ಆ ಎರಡನ್ನು ಮಾತ್ರ ಮರುವರ್ಷದವರೆಗೆ ಉಳಿಸಿಕೊಳ್ಳುತ್ತದೆ. ಆ ಮರಿಗರಿಗಳು ಚೂಪು. ಫೆಸೆಂಟ್ ಅವನ್ನೂ ಉದುರಿಸುವುದರಿಂದ ಈ ಗುರುತು ಅದಕ್ಕೆ ಹೊಂದುವುದಿಲ್ಲ.

ಇವೆಲ್ಲಕ್ಕಿಂತ ನಂಬಿಕೆಯ ಗುರುತೊಂದು ಬಾಲದ ಕೆಳಗಿದೆ. ಎಳೆಯ ಹಕ್ಕಿಯ ಗುದದ್ವಾರದ ಒಳಗೆ, ಮೇಲ್ಭಾಗದಲ್ಲಿ, ಎತ್ತಲೂ ದಾರಿಯಿಲ್ಲದ ಒಂದು ಸಣ್ಣ ಚೀಲವಿರುತ್ತದೆ. ಬೆಂಕಿಕಡ್ಡಿಯ ಮೊಂಡು ತುದಿಯನ್ನು ಮೆಲ್ಲಗೆ ತೂರಿಸಿದರೆ ಎಳೆಯದರಲ್ಲಿ ಅದು ಒಳಕ್ಕೆ ಹೋಗುತ್ತದೆ. ಪ್ರಾಯ ಬಂದ ಹಕ್ಕಿಯಲ್ಲಿ ಚೀಲ ಕುಗ್ಗಿ ಮುಚ್ಚಿಹೋಗಿರುವುದರಿಂದ ಹೋಗುವುದಿಲ್ಲ. ಪಾಡುವಾ ನಗರದ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞ ಫಾಬ್ರಿಷಿಯಸ್ ಇದನ್ನು ವರ್ಣಿಸಿದನು. ಆ ಬರೆಹ ಅವನ ಮರಣದ ತರುವಾಯ 1621ರಲ್ಲಿ ಅಚ್ಚಾಯಿತು. ಮೂರು ಶತಮಾನಗಳಿಗೂ ಮಿಗಿಲಾಗಿ ಈ ಚೀಲದ ಉಪಯೋಗ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದಲ್ಲಿ ಕೋಳಿಗಳ ಮೇಲೆ ನಡೆದು 1956ರಲ್ಲಿ ಪ್ರಕಟವಾದ ಪ್ರಯೋಗಗಳಿಂದ, ರೋಗವನ್ನು ಎದುರಿಸುವ ದ್ರವ್ಯಗಳ ಉತ್ಪತ್ತಿಗೆ ಇದು ಅಗತ್ಯವೆಂದು ಗೊತ್ತಾಯಿತು. ನಮ್ಮ ರಕ್ತದಲ್ಲಿರುವ ಬಿ ಕಣಗಳಿಗೆ ಆ ‘ಬಿ’ ಅಕ್ಷರ ಬಂದದ್ದು ಬರ್ಸಾ ಎಂಬ ಈ ಚೀಲದ ಹೆಸರಿನಿಂದಲೇ. ಅಡಿಗೆಯವನ ಬೆಂಕಿಕಡ್ಡಿ ಮುಟ್ಟುವ ಸ್ಥಳಕ್ಕೂ ವೈದ್ಯವಿಜ್ಞಾನದ ಒಂದು ದೊಡ್ಡ ಅಧ್ಯಾಯಕ್ಕೂ ಹೀಗೊಂದು ನಂಟು.

ಎರಡನೆಯ ಪ್ರಶ್ನೆ ಬಾಳಿನದು. ನಮ್ಮ ಆಯುರ್ವೇದದ ಆಚಾರ್ಯರು ಮಾಂಸಗಳನ್ನು ವಿಂಗಡಿಸುವಾಗ ಪ್ರಾಣಿಯ ವಾಸವನ್ನೂ ತಿನ್ನುವ ರೀತಿಯನ್ನೂ ಆಧಾರವಾಗಿ ಹಿಡಿದರು. ಕಾಲಿನಿಂದ ನೆಲವನ್ನು ಕೆದರಿ ತಿನ್ನುವ ಲಾವುಗೆ, ತಿತ್ತಿರಿ ಮುಂತಾದವು ‘ವಿಷ್ಕಿರ’ಗಳು, ಕೊಕ್ಕಿನಿಂದ ಕುಟ್ಟಿ ತಿನ್ನುವ ಪಾರಿವಾಳ ಮುಂತಾದವು ‘ಪ್ರತುದ’ಗಳು. ಅವರ ಉದ್ದೇಶ ಪಥ್ಯನಿರ್ಣಯ; ಆದರೂ ಅಡಿಗೆಯವನಿಗೆ ಇದಕ್ಕಿಂತ ಒಳ್ಳೆಯ ವಿಂಗಡಣೆ ದೊರೆಯದು. ಕೆದರುವ ಹಕ್ಕಿ ದಿನವೆಲ್ಲ ಕಾಲಿನ ಮೇಲೆಯೇ ಇರುತ್ತದೆ. ಅಪಾಯ ಬಂದಾಗ ಮಾತ್ರ ಬಾಣದಂತೆ ಮೇಲೆದ್ದು ಸ್ವಲ್ಪ ದೂರ ಹಾರಿ ಮತ್ತೆ ನೆಲಕ್ಕಿಳಿಯುತ್ತದೆ. ಬಹುಕಾಲ ದುಡಿಯುವ ಸ್ನಾಯುವಿಗೆ ಪ್ರಾಣವಾಯುವನ್ನು ಕೂಡಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಕೆಂಪು ದ್ರವ್ಯ ಹೆಚ್ಚು ಬೇಕು. ಕ್ಷಣಕಾಲ ಸಿಡಿಯುವ ಸ್ನಾಯುವಿಗೆ ಅದು ಬೇಕಿಲ್ಲ. ಆದಕಾರಣ ಫೆಸೆಂಟಿನ ಎದೆ ಬಿಳುಪು, ಕಾಲು ಕಪ್ಪು. ಸಾವಿರಾರು ಮೈಲಿ ಹಾರುವ ಕಾಡುಬಾತು, ಸ್ನೈಪ್, ವುಡ್‌ಕಾಕ್ ಇವುಗಳ ಎದೆಯೂ ಕಡುಗೆಂಪು. ದುಡಿದ ಅಂಗದಲ್ಲಿ ಎಳೆಗಳನ್ನು ಕಟ್ಟಿಹಿಡಿಯುವ ಕೊಲಾಜೆನ್ ಎಂಬ ನಾರೂ ಹೆಚ್ಚು. ಅದು ಒದ್ದೆಯ ಬಿಸಿಯಲ್ಲಿ ನಿಧಾನವಾಗಿ ಮಾತ್ರ ಕರಗಿ ಅಂಟಾಗುತ್ತದೆ. ಬಿಳಿ ಎದೆಗಾದರೋ ಹೆಚ್ಚು ಹೊತ್ತು ಬೆಂದರೆ ಒಳಗಿನ ನೀರನ್ನೆಲ್ಲ ಹಿಂಡಿಬಿಡುವ ಸ್ವಭಾವ. ಒಂದೇ ಹಕ್ಕಿಯ ಎರಡು ಭಾಗಗಳು ಎರಡು ಬಗೆಯ ಅಡಿಗೆಯನ್ನು ಬೇಡುತ್ತವೆ. ಇಡೀ ಸಮಸ್ಯೆ ಇರುವುದು ಇಲ್ಲಿಯೇ.

ತಿಂದ ಆಹಾರವೂ ಬಾಳಿನ ಒಂದು ಭಾಗ. ಸ್ಕಾಟ್ಲೆಂಡಿನ ಗ್ರೌಸ್ ಹಕ್ಕಿಗೆ ಹೆದರ್ ಎಂಬ ಕುರುಚಲು ಗಿಡದ ಚಿಗುರೇ ಮುಖ್ಯಾಹಾರ. ಅದರ ಮಾಂಸದಲ್ಲಿ ಒಂದು ಒಗರುಗಹಿ ಇದ್ದೇ ಇರುವುದು, ಅದಕ್ಕಾಗಿಯೇ ಬೆಲೆ. ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳಲ್ಲಿ ವಲಸೆಯ ಲಾವುಗೆಯನ್ನು ತಿಂದ ಕೆಲವರಿಗೆ ಸ್ನಾಯುಗಳು ನೊಂದು ಕೆಟ್ಟು ಮೂತ್ರಪಿಂಡಕ್ಕೂ ಹಾನಿಯಾಗುವ ಒಂದು ವಿಷಬಾಧೆ ಪ್ರಾಚೀನ ಕಾಲದಿಂದ ತಿಳಿದಿದೆ. ಹಕ್ಕಿ ದಾರಿಯಲ್ಲಿ ತಿಂದ ಯಾವುದೋ ವಿಷಬೀಜ ಕಾರಣವೆಂದು ಊಹೆ. ಯಾವ ಬೀಜವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಇನ್ನು ತೂಗುಹಾಕುವ ಪದ್ಧತಿ. ಇದನ್ನು ಕೇಳಿದೊಡನೆ ನಮ್ಮವರಲ್ಲಿ ಬಹುಮಂದಿ ಮೂಗು ಮುಚ್ಚಿಕೊಳ್ಳುವರು. ಹೊಡೆದ ಹಕ್ಕಿಯನ್ನು ಗರಿಯನ್ನೂ ಕೀಳದೆ, ಕರುಳನ್ನೂ ತೆಗೆಯದೆ, ತಂಪಾದ ಗಾಳಿಯಾಡುವ ಕೋಣೆಯಲ್ಲಿ ಕತ್ತಿಗೆ ಹಗ್ಗ ಕಟ್ಟಿ ಕೆಲವು ದಿವಸ ಬಿಡುವುದು ಇಂಗ್ಲಿಷರ ರೂಢಿ. ಇದರಲ್ಲಿ ಅರ್ಥವಿಲ್ಲದೆ ಇಲ್ಲ. ಸತ್ತ ಹಕ್ಕಿ ಮೊದಲು ಮೃದುವಾಗಿದ್ದು ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುತ್ತದೆ. ಸ್ನಾಯುವಿನ ಎಳೆಗಳು ಒಂದನ್ನೊಂದು ಹಿಡಿದು ಎಳೆದಮೇಲೆ ಬಿಡಿಸಿಕೊಳ್ಳುವುದಕ್ಕೂ ಶಕ್ತಿ ಬೇಕು. ಉಸಿರು ನಿಂತ ಬಳಿಕ ಆ ಶಕ್ತಿಯನ್ನು ಕೊಡುವ ದ್ರವ್ಯ ತೀರಿಹೋಗಿ, ಹಿಡಿದ ಎಳೆಗಳು ಹಿಡಿದಂತೆಯೇ ಬಿಗಿದು ನಿಲ್ಲುತ್ತವೆ. ಆ ಸ್ಥಿತಿಯಲ್ಲಿ ಬೇಯಿಸಿದ ಮಾಂಸ ಅತಿ ಗಟ್ಟಿ. ಆ ಬಳಿಕ ಸ್ನಾಯುವಿನೊಳಗೆಯೇ ಇರುವ ಕಿಣ್ವಗಳು ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿ ಸಡಿಲಿಸುತ್ತವೆ. ರುಚಿಕರವಾದ ಕೆಲವು ದ್ರವ್ಯಗಳೂ ಆಗ ಹುಟ್ಟುತ್ತವೆ. ಇದು ಕೊಳೆಯುವುದಲ್ಲ. ಕೊಳೆಯಿಸುವುದು ಸೂಕ್ಷ್ಮಜೀವಿಗಳ ಕೆಲಸ. ಆದರೆ ಎರಡು ಕೆಲಸಗಳೂ ಒಂದೇ ಕಾಲದಲ್ಲಿ ನಡೆಯುತ್ತಿರುತ್ತವೆ. ಮೊದಲನೆಯದು ಮುಗಿಯುವವರೆಗೆ ಎರಡನೆಯದನ್ನು ತಡೆದು ಹಿಡಿಯುವುದು ಶೀತ ಮಾತ್ರ.

ಎಷ್ಟು ದಿವಸ ತೂಗಬೇಕೆಂಬುದರಲ್ಲಿ ಹಿಂದಿನವರಿಗೂ ಇಂದಿನವರಿಗೂ ಬಹಳ ಅಂತರ. ಫ್ರಾನ್ಸಿನ ಬ್ರಿಯಾ ಸಾವರಾಂ 1825ರಲ್ಲಿ ಪ್ರಕಟಿಸಿದ ರುಚಿಶಾಸ್ತ್ರದ ಗ್ರಂಥದಲ್ಲಿ, ಫೆಸೆಂಟ್ ಕೆಡುವುದಕ್ಕೆ ತೊಡಗಿದಾಗಲೇ ಅದರ ಪರಿಮಳ ಪೂರ್ಣವಾಗುವುದೆಂದು ಹೊಗಳಿದನು. ಮಾಂಸವನ್ನು ಹೀಗೆ ಮಾಗಿಸುವುದಕ್ಕೆ ಫ್ರೆಂಚರು ಇಟ್ಟ ಹೆಸರೇ ಆ ಹಕ್ಕಿಯ ಹೆಸರಿನಿಂದ ಹುಟ್ಟಿದ್ದು. ರಸಿಕರ ಈ ಮತಕ್ಕೆ ನನ್ನ ಸಮ್ಮತಿಯಿಲ್ಲ. ಪರಿಮಳಕ್ಕೂ ದುರ್ಗಂಧಕ್ಕೂ ನಡುವಣ ಗೆರೆಯ ಮೇಲೆ ನಡೆಯುವ ಸಾಹಸ ಭೋಜನದಲ್ಲಿ ಬೇಡ. ಇಂದಿನ ಅಡಿಗೆಯವರು ಚಳಿಯ ದಿನಗಳಲ್ಲಿ ಫೆಸೆಂಟನ್ನು ಮೂರರಿಂದ ಏಳು ದಿವಸ, ಗ್ರೌಸನ್ನು ಎರಡು ಮೂರು ದಿವಸ, ಕಾಡುಬಾತನ್ನು ಒಂದೆರಡೇ ದಿವಸ ಇಡುವರು. ವ್ಯಾಪಾರಕ್ಕೆಂದು ಹೊಡೆದ ಸಣ್ಣ ಬೇಟೆಯನ್ನು 4 ಡಿಗ್ರಿ ಸೆಂಟಿಗ್ರೇಡಿಗೆ ಮೀರದಂತೆ ತಂಪಾಗಿಡಬೇಕೆಂದು ಅಲ್ಲಿನ ನಿಯಮ. ಹೊಟ್ಟೆಗೆ ಏಟು ತಗುಲಿ ಕರುಳೊಡೆದ ಹಕ್ಕಿಯನ್ನು ತೂಗಲೇಬಾರದು. ಕೂಡಲೆ ಸೀಳಿ ಶುದ್ಧಮಾಡಬೇಕು. ಮೈಸೂರಿನಲ್ಲಿ ಮಾಗಿಯ ರಾತ್ರಿಯಲ್ಲಿಯೂ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ, ಮಧ್ಯಾಹ್ನವಂತೂ ಸೆಕೆಯೇ. ಇಂಗ್ಲಿಷ್ ಪುಸ್ತಕವನ್ನು ನೋಡಿ ಇಲ್ಲಿ ನಾಟಿಕೋಳಿಯನ್ನಾಗಲಿ ಬಾತನ್ನಾಗಲಿ ತೂಗುಹಾಕುವುದು ಪುಸ್ತಕವನ್ನು ನಂಬಿ ಹವೆಯನ್ನು ಮರೆತಂತೆ. ಕೊಯ್ದ ಕೋಳಿಯನ್ನು ಸೆಟೆಯುವ ಮುನ್ನವೇ ಒಲೆಗೇರಿಸಿ ಬಹಳ ಹೊತ್ತು ಬೇಯಿಸುವ ನಮ್ಮ ಹಳ್ಳಿಗಳ ರೂಢಿಯನ್ನು ಒರಟೆಂದು ನಗುವವರುಂಟು. ಅದು ನಮ್ಮ ಬಿಸಿಲಿಗೆ ತಕ್ಕ ವಿವೇಕ.

ಪುಕ್ಕ ಕೀಳುವುದರಲ್ಲಿ ಆತುರ ಕೂಡದು. ನಮ್ಮಲ್ಲಿ ಕೋಳಿಯನ್ನು ಬಿಸಿನೀರಿನಲ್ಲಿ ಅದ್ದಿ ಒಂದೇ ಸಲಕ್ಕೆ ಹಿಡಿಹಿಡಿಯಾಗಿ ಕೀಳುತ್ತಾರೆ. ಬೇಟೆಯ ಹಕ್ಕಿಯ ಚರ್ಮ ತೆಳು. ಚರೆ ತಗುಲಿದ ಕಡೆಯಲ್ಲಿ ಇನ್ನೂ ದುರ್ಬಲ. ಆದುದರಿಂದ ಒಣಗಿದಂತೆಯೇ, ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಒತ್ತಿ ಹಿಡಿದು ಇನ್ನೊಂದರಿಂದ ಎರಡು ಮೂರು ಗರಿಗಳನ್ನಷ್ಟೇ ಒಂದು ಬಾರಿಗೆ ಕೀಳಬೇಕು. ಎದೆಯ ಮೇಲೆ ವಿಶೇಷ ಎಚ್ಚರಿಕೆ ಅಗತ್ಯ. ಅಲ್ಲಿ ಚರ್ಮ ಹರಿದರೆ ಮಾಂಸದ ರಸವನ್ನು ಕಾಯುವ ಹೊದಿಕೆಯೇ ಹೋಯಿತು. ಬಾತಿನ ಮೈಗೆ ಅಂಟಿರುವ ನವುರಾದ ತುಪ್ಪಳ ಕೈಗೆ ಸಿಕ್ಕುವುದಿಲ್ಲ. ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಹಕ್ಕಿಯನ್ನು ಅದ್ದಿ, ತಣ್ಣೀರಿನಲ್ಲಿ ಮೇಣವನ್ನು ಗಟ್ಟಿಗೊಳಿಸಿ, ಹಣ್ಣಿನ ಸಿಪ್ಪೆಯಂತೆ ಸುಲಿದರೆ ತುಪ್ಪಳವೆಲ್ಲ ಅದರೊಡನೆ ಬರುವುದು. ಉಳಿದ ಕೂದಲಿನಂತಹ ಎಳೆಗಳನ್ನು ಉರಿಯ ಮೇಲೆ ಹಾಯಿಸಿ ಸುಡಬೇಕು. ಇದನ್ನು ನಮ್ಮ ಹಳ್ಳಿಯವರಿಗೆ ಕಲಿಸಬೇಕಾದ್ದಿಲ್ಲ. ಕೋಳಿಯನ್ನು ಉರಿಯಲ್ಲಿ ಸುಟ್ಟು ಅರಿಸಿನ ತಿಕ್ಕುವುದನ್ನು ಅವರು ಬಹುಕಾಲದಿಂದ ಬಲ್ಲರು. ಚರ್ಮ ತೀರ ಹರಿದಿದ್ದರೆ, ಅಥವಾ ಹಕ್ಕಿ ಮುದಿಯದಾಗಿ ಸಾರಿಗೇ ಹೋಗತಕ್ಕದ್ದಾಗಿದ್ದರೆ, ಚರ್ಮಸಮೇತ ಸುಲಿದುಹಾಕುವುದೇ ಸುಲಭ.

ಫೆಸೆಂಟಿನ ಕಾಲಿನಲ್ಲಿ ಒಂದು ವಿಶೇಷವುಂಟು. ಸ್ನಾಯುವನ್ನು ಪಾದಕ್ಕೆ ಬಿಗಿಯುವ ನಾರುಗಳು ಪ್ರಾಯದ ಹಕ್ಕಿಯಲ್ಲಿ ಎಲುಬಿನಂತೆಯೇ ಗಟ್ಟಿಯಾಗಿ ಸೂಜಿಗಳಂತಿರುತ್ತವೆ. ಎಷ್ಟು ಬೇಯಿಸಿದರೂ ಇವು ಕರಗಲಾರವು. ಕಾಲಿನ ಕೆಳಗಂಟನ್ನು ಮುರಿದು ಪಾದವನ್ನು ತಿರುಚಿ ಬಲವಾಗಿ ಎಳೆದರೆ ಒಂದೊಂದಾಗಿ ಹೊರಕ್ಕೆ ಬರುವುವು. ಈ ಕೆಲಸವನ್ನು ಬಿಟ್ಟವರು ಊಟದ ಮಧ್ಯದಲ್ಲಿ ಬಾಯಿಂದ ಸೂಜಿಗಳನ್ನು ಹೆಕ್ಕಬೇಕಾಗುವುದು.

ಒಳಗನ್ನು ಬರಿದುಮಾಡುವುದು ಎರಡು ಕಡೆಯಿಂದ. ಕುತ್ತಿಗೆಯ ಬುಡದಲ್ಲಿ ಚರ್ಮವನ್ನು ಸೀಳಿ, ಕಾಳು ತುಂಬಿದ ಚೀಲವನ್ನು ಒಡೆಯದಂತೆ ಬಿಡಿಸಿ, ಶ್ವಾಸನಾಳದೊಡನೆ ತೆಗೆಯಬೇಕು. ಈ ಚೀಲವನ್ನು ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಹಕ್ಕಿಯ ಕೊನೆಯ ದಿನ ಹೇಗೆ ಕಳೆಯಿತೆಂಬುದು ಅಲ್ಲಿ ಬರೆದಂತಿರುತ್ತದೆ. ತರುವಾಯ ಬಾಲದ ಕೆಳಗೆ ಅಡ್ಡಲಾಗಿ ಸೀಳಿ, ಎರಡು ಬೆರಳುಗಳನ್ನು ಎದೆಯೆಲುಬಿನ ಒಳಮೈಗೆ ಒತ್ತಿಕೊಂಡೇ ಮುಂದಕ್ಕೆ ತಳ್ಳಿ, ಹೃದಯದ ಆಚೆಯವರೆಗೆ ಹೋಗಿ, ಎಲ್ಲವನ್ನೂ ಒಟ್ಟಾಗಿ ಹಿಡಿದು ಎಳೆಯಬೇಕು. ತುಂಡುತುಂಡಾಗಿ ಕಿತ್ತರೆ ಕರುಳು ಒಡೆಯುವುದು. ಯಕೃತ್ತಿನಿಂದ ಹಸುರು ಪಿತ್ತಕೋಶವನ್ನು ಬಿಡಿಸುವಾಗ ಸ್ವಲ್ಪ ಮಾಂಸ ಹೋದರೂ ಹೋಗಲಿ. ಒಂದು ತೊಟ್ಟು ಪಿತ್ತ ಸೋರಿದರೆ ಆ ಭಾಗವೆಲ್ಲ ಕಹಿ. ಪಾರಿವಾಳದ ಜಾತಿಗೆ ಮಾತ್ರ ಪಿತ್ತಕೋಶವೇ ಇಲ್ಲದ್ದರಿಂದ ಈ ಭಯವಿಲ್ಲ. ಕಾಳನ್ನು ಅರೆಯುವ ಗಟ್ಟಿ ಜಠರವನ್ನು ಸೀಳಿ ಕಲ್ಲುಗಳನ್ನೂ ಒಳಪೊರೆಯನ್ನೂ ತೆಗೆದರೆ ಅದೂ ಕುತ್ತಿಗೆಯೂ ಸಾರಿಗೆ ಸಲ್ಲುವುವು. ಬಾಲದ ಮೇಲಿರುವ ಎಣ್ಣೆಯ ಗ್ರಂಥಿಯನ್ನು, ವಿಶೇಷವಾಗಿ ಬಾತಿನಲ್ಲಿ, ಮರೆಯದೆ ಕೊಯ್ದುಹಾಕಬೇಕು. ಆಮೇಲೆ ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ಬೇಡ. ನೀರಿನೊಡನೆ ಸೂಕ್ಷ್ಮಜೀವಿಗಳು ಅಡಿಗೆಮನೆಯೆಲ್ಲ ಸಿಡಿಯುವುವು. ಬಟ್ಟೆಯಿಂದ ಒರಸಿದರೆ ಸಾಕು. ತೊಳೆಯದೆ ಮನಸ್ಸೊಪ್ಪದವರು ಬೋಗುಣಿಯ ನೀರಿನಲ್ಲಿ ಮೆಲ್ಲಗೆ ತೊಳೆಯಬಹುದು. ತಾನಾಗಿ ಸತ್ತು ಬಿದ್ದ ಹಕ್ಕಿಯನ್ನಂತೂ ಮುಟ್ಟಲೇಬಾರದು. 2021ರಿಂದೀಚೆಗೆ ಯೂರೋಪಿನ ಕಾಡುಹಕ್ಕಿಗಳಲ್ಲಿ ಹಬ್ಬಿದ ಹಕ್ಕಿಜ್ವರ ಈ ಎಚ್ಚರಿಕೆಗೆ ಹೊಸ ಬಲವನ್ನು ಕೊಟ್ಟಿದೆ.

ಈ ವಿಧಿಗೆ ಒಂದು ವಿಚಿತ್ರ ಅಪವಾದವಿದೆ. ವುಡ್‌ಕಾಕ್ ಮತ್ತು ಸ್ನೈಪ್ ಹಕ್ಕಿಗಳ ಕರುಳನ್ನು ತೆಗೆಯದೆ, ಗಟ್ಟಿ ಜಠರವನ್ನು ಮಾತ್ರ ಬಿಡಿಸಿ, ಉದ್ದವಾದ ಕೊಕ್ಕನ್ನೇ ಕಡ್ಡಿಯಾಗಿ ತೊಡೆಗಳಲ್ಲಿ ಚುಚ್ಚಿ ಸುಡುವುದು ಹಳೆಯ ಸಂಪ್ರದಾಯ. ಬೆಂದ ಕರುಳನ್ನು ಸುಟ್ಟ ರೊಟ್ಟಿಯ ಮೇಲೆ ಹಚ್ಚಿ ತಿನ್ನುವರು. ಮೇಲೇಳುವಾಗ ಈ ಹಕ್ಕಿಗಳು ಹೊಟ್ಟೆಯನ್ನು ಬರಿದುಮಾಡಿಕೊಳ್ಳುತ್ತವೆಂಬುದು ಬೇಟೆಗಾರರ ಸಮಾಧಾನ. ಕೇಳಿ ತಿಳಿದಿರಲಿ ಎಂದು ಹೇಳಿದೆನಷ್ಟೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ರುಚಿಯ ಮಾತು. ಸೀಸದ ಮಾತು ಅದಕ್ಕಿಂತ ಗಂಭೀರವಾದದ್ದು. ಬೇಟೆಗಾರರು ಚರೆಯೆನ್ನುವ ಸಣ್ಣ ಗುಂಡುಗಳು ಬಹುಕಾಲದಿಂದ ಸೀಸದವು. ಕಣ್ಣಿಗೆ ಕಾಣುವ ಗುಂಡನ್ನು ಚಾಕುವಿನ ತುದಿಯಿಂದ ತೆಗೆದುಬಿಟ್ಟರೆ ಅಪಾಯ ಹೋಯಿತೆಂದು ಹಿಂದಿನವರು ತಿಳಿದಿದ್ದರು. ಹಾಗಲ್ಲ. ಗುಂಡು ಎಲುಬಿಗೆ ತಾಗಿದಾಗ ಒಡೆದು, ಕಣ್ಣಿಗೆ ಕಾಣದ ಪುಡಿಯನ್ನು ಮಾಂಸದಲ್ಲಿ ದೂರದವರೆಗೆ ಬಿತ್ತಿರುತ್ತದೆ. ಸೀಸಕ್ಕೆ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲ. ಬೆಳೆಯುವ ಮಕ್ಕಳ ಮೆದುಳಿಗೂ ಗರ್ಭದಲ್ಲಿರುವ ಶಿಶುವಿಗೂ ಅದು ವಿಶೇಷ ಶತ್ರು. ಸೀಸದಿಂದ ಹೊಡೆದ ಬೇಟೆಯನ್ನು ಹೆಚ್ಚಾಗಿ ತಿನ್ನುವವರು ಅದನ್ನು ಕಡಿಮೆಮಾಡಬೇಕು, ಮಕ್ಕಳೂ ಗರ್ಭಿಣಿಯರೂ ಮುಖ್ಯವಾಗಿ ಎಚ್ಚರಿಕೆಯಿಂದಿರಬೇಕು ಎಂದು ಬ್ರಿಟನ್ನಿನ ಆಹಾರ ಇಲಾಖೆಯ ಸಲಹೆ. ಹುಳಿಯಲ್ಲಿ ಬೇಯಿಸಿದರೆ ಸೀಸ ಇನ್ನೂ ಹೆಚ್ಚಾಗಿ ಕರಗಿ ಮಾಂಸಕ್ಕೆ ಸೇರುತ್ತದೆ. ಯೂರೋಪಿನವರು ಹಾಕುವ ದ್ರಾಕ್ಷಾರಸಕ್ಕೂ ವಿನಿಗರಿಗೂ, ನಾವು ಹಾಕುವ ಹುಣಿಸೆಹುಳಿಗೂ ಈ ವಿಷಯದಲ್ಲಿ ಭೇದವಿಲ್ಲ. ಇಂಗ್ಲೆಂಡಿನಲ್ಲಿ 1999ರಲ್ಲಿಯೇ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಲಾಯಿತು. ಕೆಸರಿನಲ್ಲಿ ಬಿದ್ದ ಗುಂಡುಗಳನ್ನು ಕಲ್ಲುಹರಳೆಂದು ನುಂಗಿ ಬಾತುಗಳೇ ಸಾಯುತ್ತಿದ್ದುವು. ಯೂರೋಪಿನ ಒಕ್ಕೂಟದ ದೇಶಗಳ ಜೌಗುಪ್ರದೇಶಗಳಲ್ಲಿ 2023ರಿಂದ ಅಂತಹ ನಿಷೇಧ ಜಾರಿಗೆ ಬಂದಿದೆ. ಅಂಗಡಿಯಲ್ಲಿ ಕೊಳ್ಳುವವರು ಉಕ್ಕಿನ ಚರೆಯಿಂದ ಹೊಡೆದದ್ದೇ ಎಂದು ಕೇಳಿ ಕೊಳ್ಳತಕ್ಕದ್ದು. ಗಾಯದ ಸುತ್ತಣ ಕಪ್ಪಿಟ್ಟ ಮಾಂಸವನ್ನು ಧಾರಾಳವಾಗಿ ಕೊಯ್ದು ಎಸೆಯುವುದು ಲೋಭಕ್ಕೆ ವಿರುದ್ಧವಾದರೂ ಆರೋಗ್ಯಕ್ಕೆ ಹಿತ.

ಇಷ್ಟಾದಮೇಲೆ ಒಲೆಯ ಕೆಲಸ ಅತ್ಯಲ್ಪ. ಎಳೆಯ ಹಕ್ಕಿಯನ್ನು ಇಡಿಯಾಗಿಯೇ ಓವನಿನಲ್ಲಿ ಸುಡಬಹುದು. ಕಾಲುಗಳನ್ನು ಮೈಗೆ ಸೇರಿಸಿ ದಾರದಿಂದ ಕಟ್ಟಿ, ಕೊಬ್ಬಿಲ್ಲದ ಎದೆಯ ಮೇಲೆ ಹಂದಿಯ ಕೊಬ್ಬಿನ ತೆಳುಹೋಳುಗಳನ್ನು ಹೊದಿಸುವುದು ಇಂಗ್ಲಿಷರ ಕ್ರಮ. ಅದು ಒಗ್ಗದವರು ಬೆಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಹೊದಿಸಬಹುದು. ಗ್ರೌಸಿನ ಒಳಗನ್ನು ಕೆಂಪಾಗಿಯೇ ಉಳಿಸುವ ರೂಢಿ ಅಲ್ಲಿದೆ. ಆದರೆ ಒಳಮಾಂಸವು 70 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎರಡು ನಿಮಿಷವಾದರೂ ಇರಲೆಂಬ ಆರೋಗ್ಯದ ನಿಯಮವನ್ನು ಪಾಲಿಸುವುದೇ ಲೇಸು. ಬೆಂದ ಹಕ್ಕಿಯನ್ನು ಕೂಡಲೆ ಕೊಯ್ಯದೆ ಹತ್ತು ನಿಮಿಷ ಮುಚ್ಚಿಟ್ಟರೆ ರಸ ಒಳಗೇ ನಿಲ್ಲುವುದು. ಮುದಿಹಕ್ಕಿಯನ್ನು ಹೀಗೆ ಸುಟ್ಟರೆ ಶ್ರಮವೆಲ್ಲ ವ್ಯರ್ಥ. ಅದರ ಎದೆಯನ್ನು ಬೇರೆ, ಕಾಲನ್ನು ಬೇರೆ ಮಾಡಿ, ಕಾಲುಗಳನ್ನು ಈರುಳ್ಳಿಯೊಡನೆ ಸ್ವಲ್ಪವೇ ನೀರಿನಲ್ಲಿ, ಮುಚ್ಚಳ ಬಿಗಿದು, ಸಣ್ಣ ಉರಿಯ ಮೇಲೆ ಎರಡು ಗಂಟೆಯಾದರೂ ಬೇಯಿಸಬೇಕು. ಕುದಿ ಜೋರಾಗಬಾರದು. ಎದೆಯ ಹೋಳುಗಳನ್ನು ಕೊನೆಯಲ್ಲಿ ಸೇರಿಸಿದರೆ ಸಾಕು. ನಮ್ಮ ತೆಂಗಿನಕಾಯಿ, ಗಸಗಸೆ, ಧನಿಯಗಳ ಮಸಾಲೆ ಈ ಸಾರಿಗೆ ಇಂಗ್ಲಿಷರ ರೊಟ್ಟಿಯ ಗೊಜ್ಜಿಗಿಂತ ಚೆನ್ನಾಗಿ ಒಪ್ಪುವುದೆಂದು ನನ್ನ ಅಭಿಪ್ರಾಯ.

ಇನ್ನು ನಮ್ಮ ಮನೆಗಳ ಮಾತು. ಕರ್ನಾಟಕದಲ್ಲಿ ಇಂದು ನ್ಯಾಯವಾಗಿ ದೊರೆಯುವುದು ಸಾಕಣೆಯ ಜಪಾನೀ ಲಾವುಗೆ. ಅಂಗಡಿಗಳಲ್ಲಿ ಇದನ್ನು ಗೌಜಲಕ್ಕಿ, ಕೌಜುಗ ಎಂದೆಲ್ಲ ಕರೆದು ಮಾರುವರು. ಹೆಸರು ಬೇಟೆಯ ಹಕ್ಕಿಯದು, ಬಾಳು ಮಾತ್ರ ಫಾರಮ್ಮಿನ ಕೋಳಿಯದು. ಐದಾರು ವಾರಕ್ಕೇ ಬೆಳೆದು ಅಡಿಗೆಗೆ ಬರುವ ಈ ಹಕ್ಕಿ ಇನ್ನೂರು ಗ್ರಾಮಿನ ಆಸುಪಾಸು ತೂಗುತ್ತದೆ. ಹಾರಿ ಬಲ್ಲದ್ದಲ್ಲ, ವಯಸ್ಸಿನ ಸಂದೇಹವಿಲ್ಲ, ಚರೆಯ ಭಯವಿಲ್ಲ. ಆದುದರಿಂದ ಮೊದಲು ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರ ಸಿದ್ಧವಾಗಿದೆ, ವಿಧಾನವೂ ಸರಳ. ತೂಗುಹಾಕುವುದು ಬೇಡ, ದೀರ್ಘಕಾಲ ಬೇಯಿಸುವುದೂ ಬೇಡ. ಕಾಡಿನದೆಂಬ ಭ್ರಮೆಯಿಂದ ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ ಎಲುಬನ್ನೂ ಮಾಂಸವನ್ನೂ ಒಂದುಮಾಡುವ ಮನೆಗಳುಂಟು. ಅದು ಹಕ್ಕಿಗೂ ಅನ್ಯಾಯ, ಹಣಕ್ಕೂ ಅನ್ಯಾಯ. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿಯೂ ಕತ್ತರಿಯಿಂದ ಕತ್ತರಿಸಿ ಅದನ್ನು ತೆಗೆದು, ಹಕ್ಕಿಯನ್ನು ಪುಸ್ತಕದಂತೆ ಬಿಚ್ಚಿ ಅಂಗೈಯಿಂದ ಒತ್ತಿ ಚಪ್ಪಟೆಮಾಡಿ, ಉಪ್ಪು, ಅರಿಸಿನ, ಮೆಣಸು, ನಿಂಬೆರಸ ಹಚ್ಚಿ ಅರ್ಧ ಗಂಟೆ ಇಟ್ಟು, ಕಾದ ಹೆಂಚಿನ ಮೇಲೆ ತುಪ್ಪದಲ್ಲಿ ಮಗ್ಗುಲಿಗೆ ಆರೇಳು ನಿಮಿಷ ಹುರಿದರೆ ಬೆಂದಿರುತ್ತದೆ. ತೊಡೆಯ ಸಂದಿಯಲ್ಲಿ ಚುಚ್ಚಿದರೆ ಕೆಂಪು ನೀರು ಬರಬಾರದು. ಎಲುಬುಗಳು ಬಹಳ ಸಣ್ಣವಾದ್ದರಿಂದ ಮಕ್ಕಳಿಗೆ ಬಿಡಿಸಿಯೇ ಬಡಿಸತಕ್ಕದ್ದು. ಮಾರುವವನು ದನಿ ತಗ್ಗಿಸಿ ಇದು ಫಾರಮ್ಮಿನದಲ್ಲ, ಕಾಡಿನದೇ ಎಂದು ಹೆಚ್ಚು ಬೆಲೆ ಹೇಳಿದರೆ, ಮಾತು ಸುಳ್ಳಾದರೆ ಮೋಸ, ನಿಜವಾದರೆ ಅಪರಾಧ. ಎರಡರಲ್ಲಿ ಯಾವುದಾದರೂ ಅವನಲ್ಲಿ ಕೊಳ್ಳಬೇಕಾದ್ದಿಲ್ಲ.